ಮನೆಯಂಗಳದ ಆಚಾರ

ಆಚಾರವೆಂದರೆ ವಿಭೂತಿ ರುದ್ರಾಕ್ಷಿಗಳನ್ನು ಧರಿಸುವದು, ಇಷ್ಟಲಿಂಗದ ಪೂಜೆಯನ್ನು ತಪ್ಪದೆ ನಡೆಸುವದು, ಗುರು-ಜಂಗಮರಿಗೆ ನಡೆದುಕೊಳ್ಳುವದು, ಇಷ್ಟೇ ಎಂದು ಬಗೆದವರು ನಮ್ಮಲ್ಲಿ ಅನೇಕರಿದ್ದಾರೆ. ಇವು ಆಚಾರಕ್ಕೆ ಬೇಕಾದವುಗಳೇ ಸರಿ. ಆದರೆ ಶರಣರು ಆಚಾರವನ್ನು ಪೂಜೆಯ ಕೋಣೆಯೊಳಗೆ ಕೂಡಿಹಾಕಿ ಅಗಳಿ ಹಾಕಲಿಲ್ಲ. ಅವರ ಆಚಾರ ಹೊಸ್ತಿಲನ್ನು ದಾಟಿ ಹೊರಗೆ ಬಂದಿತು. ಬೀದಿಗೆ, ಹೊಲಕ್ಕೆ, ಹೊಳೆಯ ದಂಡೆಗೆ ನಡೆಯಿತು. ಬಟ್ಟೆ ಒಗೆಯುವ ಮಡಿವಾಳ ಮಾಚಯ್ಯ, ಹುಲ್ಲು ಕೊಯ್ದು ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಹೂ ಕೊಯ್ದು ಒದಗಿಸುವ ಹೂಗಾರ ಮಾದಯ್ಯ, ಒಕ್ಕಲುತನ ಮಾಡುವ ಮುದ್ದಣ್ಣ ಇವರೆಲ್ಲ ತಮ್ಮ ತಮ್ಮ ಕಾಯಕದ ಸ್ಥಳವನ್ನೇ ಅನುಷ್ಠಾನದ ಸ್ಥಳವನ್ನಾಗಿ ಮಾಡಿಕೊಂಡವರು. ಇವರ ಸಾಲಿನಲ್ಲಿ ಸತ್ಯಕ್ಕನೆಂಬ ಶರಣೆಯ ಹೆಸರು ವಿಶೇಷವಾಗಿ ನೆನೆಯತಕ್ಕದ್ದು. ಶಿವಭಕ್ತರ ಮನೆಯ ಅಂಗಳವನ್ನು ಗುಡಿಸುವದೇ ಆಕೆಯ ಕಾಯಕವಾಗಿತ್ತು. ಅಂಗಳ ಗುಡಿಸುವ ಕೆಲಸಕ್ಕೆ ಅನುಭವಿಗಳ ಸಾಲಿನಲ್ಲಿ ಪೀಠ ದೊರೆತ ಮೇಲೆ, ಆ ಅಂಗಳವೇ ಆಚಾರಕ್ಕೆ ಹೊರಗಿನದಾಗಿ ಉಳಿದೀತು ಹೇಗೆ?

ಆದದ್ದರಿಂದ ಈ ಲೇಖನದಲ್ಲಿ ಒಂದು ಪ್ರಶ್ನೆಯನ್ನು ವಾಚಕರ ಮುಂದಿಡುತ್ತೇವೆ. ಮನೆಯ ಸುತ್ತಲಿನ ನೆಲವನ್ನು ನಾವು ಹೇಗೆ ಇಟ್ಟುಕೊಳ್ಳುತ್ತೇವೆ, ಅಲ್ಲಿ ಏನನ್ನು ನೆಡುತ್ತೇವೆ, ಎಷ್ಟು ನೀರನ್ನು ಹೊಯ್ಯುತ್ತೇವೆ, ಎಷ್ಟನ್ನು ಹೊರಗೆ ಬಿಡುತ್ತೇವೆ ಎಂಬುದು ಧರ್ಮಕ್ಕೆ ಸಂಬಂಧಿಸಿದ ವಿಷಯವೋ, ಅಥವಾ ಅವರವರ ರುಚಿಗೂ ಹಣದ ಅನುಕೂಲತೆಗೂ ಬಿಟ್ಟುಕೊಟ್ಟ ವಿಷಯವೋ? ನೆಲ ನನ್ನದು, ಹಣ ನನ್ನದು, ಕೊಳವೆಬಾವಿ ನನ್ನದು. ಅಲ್ಲಿ ನಾನು ಏನು ಮಾಡಿದರೆ ಯಾರಿಗೇನು ಎಂಬ ಮಾತು ಸರಿಯೋ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳ ಸದ್ಭಕ್ತರಿಗೆ ಈ ಪ್ರಶ್ನೆ ಬೇರೆಯವರಿಗಿಂತ ಹೆಚ್ಚು ಹತ್ತಿರದ್ದು. ಇಲ್ಲಿಯ ಹಳೆಯ ಮನೆಗಳನ್ನು ನೋಡಿದವರಿಗೆ ಅವುಗಳ ವಿನ್ಯಾಸ ಗೊತ್ತು. ಮುಂದೆ ಕಟ್ಟೆ, ಒಳಗೆ ಪಡಸಾಲೆ, ಹಿಂದೆ ಹಿತ್ತಲು. ಹಿತ್ತಲಲ್ಲಿ ಒಂದು ಪತ್ರಿಯ ಗಿಡ, ಒಂದು ಕಣಗಿಲೆ, ಬಚ್ಚಲ ನೀರು ಹರಿಯುವಲ್ಲಿ ಎರಡು ಬಾಳೆ, ಬೇಲಿಗೆ ಹಬ್ಬಿದ ಹೀರೆ ಅವರೆಗಳ ಬಳ್ಳಿ, ಬಾಗಿಲ ಬಳಿಯಲ್ಲಿ ಕರಿಬೇವು, ಮೂಲೆಯಲ್ಲಿ ನುಗ್ಗೆ, ದನದ ಹಕ್ಕೆಯ ಹೊರಗೆ ಬೇವು. ಬೆಳಗಿನ ಪೂಜೆಗೆ ಹೂಪತ್ರಿ, ಅಡಿಗೆಗೆ ಕಾಯಿಪಲ್ಲೆ, ನೆಗಡಿ ಕೆಮ್ಮಿಗೆ ಔಷಧಿ, ದನಗಳಿಗೆ ನೆರಳು ಎಲ್ಲವೂ ಅಲ್ಲಿಂದಲೇ ದೊರೆಯುತ್ತಿದ್ದವು. ಈಗ ಪಟ್ಟಣಗಳ ಹೊಸ ಬಡಾವಣೆಗಳಲ್ಲಿ ಏಳುತ್ತಿರುವ ಮನೆಗಳ ರೀತಿ ಬೇರೆ. ಹಿತ್ತಲೆಂಬುದು ಇಲ್ಲ, ಇದ್ದರೆ ಅದು ಸಿಮೆಂಟಿನ ನೆಲ. ಮುಂದಿನ ಅಂಗಳದಲ್ಲಿ ಹೊರಗಿನಿಂದ ತಂದು ಹಾಸಿದ ಹುಲ್ಲು, ಸಾಲಾಗಿ ಕತ್ತರಿಸಿ ನಿಲ್ಲಿಸಿದ ಪರದೇಶದ ಗಿಡಗಳು. ಅವುಗಳಲ್ಲಿ ಪೂಜೆಗೆ ಬರುವ ಹೂವಿಲ್ಲ, ಅಡಿಗೆಗೆ ಬರುವ ಎಲೆಯಿಲ್ಲ, ಹಕ್ಕಿಗೆ ಬೇಕಾದ ಹಣ್ಣಿಲ್ಲ. ಪೂಜೆಯ ಹೂ ಪೇಟೆಯಿಂದ ಪ್ಲಾಸ್ಟಿಕ್ಕಿನ ಚೀಲದಲ್ಲಿ ಬರುತ್ತದೆ. ಆ ಚೀಲ ಮರುದಿನ ಗಟಾರಕ್ಕೆ ಹೋಗುತ್ತದೆ.

ಇದು ಕಾಲಧರ್ಮವೆಂದು ಸುಮ್ಮನಿರಬಹುದಾಗಿತ್ತು. ಆದರೆ ಈ ಸೀಮೆಯ ನೀರಿನ ಸ್ಥಿತಿ ನಮ್ಮನ್ನು ಸುಮ್ಮನಿರಗೊಡುವದಿಲ್ಲ. ಸಹ್ಯಾದ್ರಿಯ ಕಡೆಯಿಂದ ಪೂರ್ವಕ್ಕೆ ಬಂದಂತೆ ಮಳೆ ಕಡಿಮೆಯಾಗುತ್ತ ಹೋಗುವ ನಾಡು ಇದು. ನಿಪ್ಪಾಣಿಯ ಪಡುವಣ ಊರುಗಳಲ್ಲಿ ಬೀಳುವ ಮಳೆ ಅಥಣಿಯ ಮೂಡಣ ಊರುಗಳಲ್ಲಿ ಬೀಳುವದಿಲ್ಲ. ವೇದಗಂಗೆಯನ್ನು ಕೂಡಿಕೊಂಡ ದೂಧಗಂಗೆ ಚಿಕ್ಕೋಡಿ ತಾಲೂಕಿನಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅಲ್ಲಿಂದ ಮುಂದೆ ಕೃಷ್ಣೆಯು ರಾಯಬಾಗ, ಕಾಗವಾಡ, ಅಥಣಿಗಳ ನೆಲವನ್ನು ತೊಳೆಯುತ್ತ ಸಾಗುತ್ತದೆ. ಇಂಥ ನದಿಯ ದಂಡೆಯಲ್ಲಿದ್ದೂ ೨೦೧೯ರ ಬೇಸಿಗೆಯಲ್ಲಿ ಇಲ್ಲಿಯ ಜನ ನದಿಯ ಒಣಪಾತ್ರವನ್ನು ನೋಡಬೇಕಾಯಿತು. ಕೊಯ್ನೆಯ ನೀರನ್ನು ಬಿಡಿರೆಂದು ಕರ್ನಾಟಕವು ಮಹಾರಾಷ್ಟ್ರವನ್ನು ಕೇಳಿಕೊಳ್ಳಬೇಕಾಯಿತು. ಅದೇ ವರ್ಷದ ಆಗಸ್ಟ್ ತಿಂಗಳಿನಲ್ಲಿ ಅದೇ ನದಿ ದಂಡೆಯ ಊರುಗಳನ್ನು ಮುಳುಗಿಸಿತು. ೨೦೦೫ರಲ್ಲಿಯೂ ೨೦೨೧ರಲ್ಲಿಯೂ ಮಹಾಪೂರ ಬಂದದ್ದನ್ನು ಜನ ಮರೆತಿಲ್ಲ. ಒಂದೇ ವರ್ಷದಲ್ಲಿ ನೀರಿಲ್ಲದ ಸಂಕಟ, ನೀರು ಹೆಚ್ಚಾದ ಸಂಕಟ ಎರಡನ್ನೂ ಕಂಡ ನಾಡಿನಲ್ಲಿ, ನೀರನ್ನು ಹೇಗೆ ಹಿಡಿಯಬೇಕು, ಹೇಗೆ ಬಳಸಬೇಕೆಂಬುದು ಕೇವಲ ಇಂಜಿನಿಯರರ ಚಿಂತೆಯಾಗಿ ಉಳಿಯಲಾರದು.

ಈಗ ಅಂಗಳದ ಹುಲ್ಲಿನ ವಿಚಾರವನ್ನೇ ಲೆಕ್ಕ ಹಾಕಿ ನೋಡೋಣ. ಬೇಸಿಗೆಯಲ್ಲಿ ಹುಲ್ಲುಹಾಸು ಹಸುರಾಗಿ ಉಳಿಯಬೇಕಾದರೆ ದಿನಕ್ಕೆ ಸುಮಾರು ೫ ಮಿಲಿಮೀಟರ್ ಆಳದ ನೀರು ಬೇಕು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ನೀರೆಂದರೆ ಒಂದು ಲೀಟರು. ೧,೦೦೦ ಚದರ ಅಡಿಯ ಹುಲ್ಲು ಸುಮಾರು ೯೩ ಚದರ ಮೀಟರ್ ಆಗುತ್ತದೆ. ಅಂದರೆ ದಿನಕ್ಕೆ ೪೬೫ ಲೀಟರ್ ನೀರನ್ನು ಅದು ಕುಡಿಯುತ್ತದೆ. ೨೦೧೯ರಲ್ಲಿ ಪ್ರಾರಂಭವಾದ ಜಲ ಜೀವನ ಮಿಶನ್ ಯೋಜನೆಯಲ್ಲಿ ಹಳ್ಳಿಯ ಒಬ್ಬ ಮನುಷ್ಯನಿಗೆ ದಿನಕ್ಕೆ ೫೫ ಲೀಟರ್ ನೀರು ದೊರೆಯಬೇಕೆಂದು ಗೊತ್ತುಮಾಡಿದ್ದಾರೆ. ಆ ಹುಲ್ಲಿನ ತುಂಡು ಎಂಟು ಜನರ ಪಾಲನ್ನು ಕುಡಿಯುತ್ತದೆಂದಾಯಿತು. ಇನ್ನೊಂದು ಬಗೆಯಿಂದಲೂ ನೋಡಬಹುದು. ಬೇಸಿಗೆಯ ನೂರು ದಿನಗಳಲ್ಲಿ ಹುಲ್ಲಿಗೆ ಹೊಯ್ಯುವ ನೀರು ೫೦೦ ಮಿಲಿಮೀಟರಿಗೆ ಸಮನಾಗುತ್ತದೆ. ಒಣಸೀಮೆಯಲ್ಲಿ ಮೋಡಗಳು ವರ್ಷವೆಲ್ಲ ಕೂಡಿ ಸುರಿಸುವ ಮಳೆ ಅಷ್ಟಾದರೆ ಅದು ಒಳ್ಳೆಯ ವರ್ಷವೇ. ಹುಲ್ಲು ಇದನ್ನು ಕುಡಿದು ಕೊಡುವದೇನು? ಕಣ್ಣಿಗೆ ತಂಪು, ನೆರೆಯವರ ಕಣ್ಣಿಗೆ ನಮ್ಮ ಅಂತಸ್ತು.

ಈ ಸಂದರ್ಭದಲ್ಲಿ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ತಾನಾಗಿ ನೆನಪಿಗೆ ಬರುತ್ತದೆ. ಆಕೆಯ ಪತಿ ಮಾರಯ್ಯನು ಕಲ್ಯಾಣದಲ್ಲಿ, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನು ಸಂತೋಷಪಡಲಿಲ್ಲ. ನಿತ್ಯಕ್ಕೆ ಬೇಕಾದುದಕ್ಕಿಂತ ಮಿಗಿಲಾದುದು ಆಸೆಯ ಫಲವೆಂದು ತಿಳಿಹೇಳಿ, ಹೆಚ್ಚಿನದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಕಳುಹಿಸಿದಳು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಆ ಅಕ್ಕಿ ಕದ್ದದ್ದಲ್ಲ. ಬೇಡಿ ತಂದದ್ದೂ ಅಲ್ಲ. ನೆಲಕ್ಕೆ ಬಿದ್ದು ಹಾಳಾಗುವಂಥದು. ಲೋಕದ ನ್ಯಾಯದಲ್ಲಿ ಅದನ್ನು ಆಯ್ದುಕೊಂಡವನ ಮೇಲೆ ಯಾವ ದೋಷವೂ ಬರುವದಿಲ್ಲ. ಆದರೂ ಲಕ್ಕಮ್ಮನ ದೃಷ್ಟಿಯಲ್ಲಿ ಅದು ದೋಷವೇ ಆಯಿತು. ನಮಗೆ ಹಕ್ಕಿದೆಯೋ ಇಲ್ಲವೋ ಎಂದು ಆಕೆ ಕೇಳಲಿಲ್ಲ. ನಮಗೆ ಬೇಕೋ ಬೇಡವೋ ಎಂದು ಕೇಳಿದಳು. ಕೊಳವೆಬಾವಿ ನನ್ನದೆಂಬ ವಾದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಾಗಿಲ್ಲ. ಬಾವಿ ನನ್ನದಿರಬಹುದು, ಅದರ ತಳದಲ್ಲಿ ಹರಿಯುವ ನೀರಿಗೆ ನನ್ನ ಮನೆಯ ಗೋಡೆ ಗೊತ್ತಿಲ್ಲ. ನನ್ನ ಅಂಗಳದಲ್ಲಿ ಏಳುವ ನೀರು ನೆರೆಮನೆಯ ಬಾವಿಯಲ್ಲಿ ಇಳಿಯುವ ನೀರೇ ಆಗಿರುತ್ತದೆ.

ಹುಲ್ಲಿನಂತೆಯೇ ಸಿಮೆಂಟಿನ ನೆಲದ ಮಾತೂ ವಿಚಾರಾರ್ಹವಾದುದು. ಕೆಸರಾಗದಿರಲೆಂದು ಅಂಗಳವನ್ನೆಲ್ಲ ಫರಸಿಯಿಂದಲೋ ಸಿಮೆಂಟಿನ ಇಟ್ಟಿಗೆಗಳಿಂದಲೋ ಮುಚ್ಚುತ್ತಾರೆ. ಬಿದ್ದ ಮಳೆ ಒಂದು ಹನಿಯೂ ನೆಲಕ್ಕೆ ಇಂಗದೆ ಬೀದಿಗೆ ಧಾವಿಸುತ್ತದೆ. ಬೀದಿಯ ಎಲ್ಲ ಮನೆಗಳವರೂ ಹೀಗೆಯೇ ಮಾಡಿದಾಗ ತಗ್ಗಿನಲ್ಲಿರುವ ಬಡವನ ಮನೆಗೆ ನೀರು ನುಗ್ಗುತ್ತದೆ. ಎತ್ತರದಲ್ಲಿ ಕಟ್ಟಿಕೊಳ್ಳಲು ಶಕ್ತಿಯಿದ್ದವರ ಸ್ವಚ್ಛತೆಗೆ ತಗ್ಗಿನವನು ದಂಡ ತೆರುತ್ತಾನೆ. ಬೇಸಿಗೆಯಲ್ಲಿ ಅದೇ ನೆಲ ಕಾದ ಹಂಚಿನಂತಾಗಿ ರಾತ್ರಿಯೂ ಮನೆಯನ್ನು ತಣ್ಣಗಾಗಗೊಡುವದಿಲ್ಲ. ತಂಪಿಗಾಗಿ ಮತ್ತೆ ವಿದ್ಯುತ್ತಿನ ಯಂತ್ರ ಬೇಕು. ನಮ್ಮ ಪರಂಪರೆಯಲ್ಲಿ ಸ್ಥಾವರ ಜಂಗಮಗಳ ವಿವೇಕವೆಂಬುದೊಂದುಂಟು. ನಿಂತುದರಲ್ಲಿ ಮೋಹವಿಡಬೇಡ, ಚೈತನ್ಯವುಳ್ಳದ್ದನ್ನು ಗುರುತಿಸು ಎಂಬುದು ಅದರ ತಾತ್ಪರ್ಯ. ಮಳೆಯ ನೀರು, ಮಣ್ಣಿನೊಳಗಿನ ಎರೆಹುಳು, ಹೂವಿನಿಂದ ಹೂವಿಗೆ ಹೋಗುವ ದುಂಬಿ, ಬೀಜವನ್ನು ಹೊತ್ತೊಯ್ಯುವ ಹಕ್ಕಿ ಇವೆಲ್ಲ ಚಲಿಸುವ ಜೀವನದ ಅಂಗಗಳು. ಇವುಗಳಿಗೆಲ್ಲ ಬಾಗಿಲು ಮುಚ್ಚಿ ಅಂಗಳವನ್ನು ಕಲ್ಲುಮಾಡಿದರೆ, ಮನೆಯ ಮುಂದೆ ನಾವೇ ಒಂದು ಸ್ಥಾವರವನ್ನು ಸ್ಥಾಪಿಸಿಕೊಂಡಂತಾಗುತ್ತದೆ.

ಹಾಗೆಂದು ಹಳೆಯದೆಲ್ಲವೂ ಒಳ್ಳೆಯದೆಂದು ಹೇಳಬಾರದು. ಬಾವಿಯ ಮಗ್ಗುಲಲ್ಲಿ ತಿಪ್ಪೆ, ಬಚ್ಚಲ ಮೋರಿಯಲ್ಲಿ ನಿಂತ ಕೊಳಚೆ, ಅದರ ಮೇಲೆ ಸೊಳ್ಳೆಗಳ ಸಂತೆ ಇವೂ ಹಳೆಯ ಹಿತ್ತಲುಗಳಲ್ಲಿ ಇದ್ದವು. ಮೆಟ್ಟಿಲು ಬಾವಿಗಳಿಂದ ನಾರುಹುಣ್ಣು ಹರಡುತ್ತಿದ್ದ ಕಾಲವಿತ್ತು. ಭಾರತವು ಆ ರೋಗದಿಂದ ಮುಕ್ತವಾಯಿತೆಂದು ಸಾರಿದ್ದು ೨೦೦೦ನೆಯ ಇಸವಿಯಲ್ಲಿ. ನೀರು ಹೊರುವ, ಸೆಗಣಿ ಬಳಿಯುವ, ಅಂಗಳ ಸಾರಿಸುವ ಕಷ್ಟವೆಲ್ಲ ಮನೆಯ ಹೆಣ್ಣುಮಕ್ಕಳ ಹೆಗಲ ಮೇಲೆಯೇ ಬೀಳುತ್ತಿತ್ತೆಂಬುದನ್ನೂ ಮರೆಯಬಾರದು. ಆ ಕಷ್ಟವನ್ನು ಮರಳಿ ತನ್ನಿರೆಂದು ಯಾರೂ ಹೇಳುವದಿಲ್ಲ. ಹಿತ್ತಲಿನ ವಿವೇಕವನ್ನು ಉಳಿಸಿಕೊಂಡು ಅದರ ಕೊಳೆಯನ್ನು ಬಿಡಬೇಕಾಗಿದೆ.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದು ಮಾಳಿಗೆಯ ನೀರು. ೧,೦೦೦ ಚದರ ಅಡಿಯ ಮಾಳಿಗೆಯ ಮೇಲೆ ವರ್ಷಕ್ಕೆ ೫೦೦ ಮಿಲಿಮೀಟರ್ ಮಳೆ ಬಿದ್ದರೆ, ಆರಿ ಸೋರಿ ಹೋದದ್ದನ್ನು ಬಿಟ್ಟು ಐದರಲ್ಲಿ ನಾಲ್ಕು ಪಾಲು ಹಿಡಿದರೂ ಸುಮಾರು ೩೭ ಸಾವಿರ ಲೀಟರ್ ದೊರೆಯುತ್ತದೆ. ಐದು ಜನರ ಮನೆಗೆ, ತಲೆಗೆ ೫೫ ಲೀಟರಿನಂತೆ, ಇದು ನಾಲ್ಕು ತಿಂಗಳಿಗೂ ಮಿಕ್ಕಿ ಸಾಕಾಗುವ ನೀರು. ಇದನ್ನು ಹೌದಿನಲ್ಲಿ ಕೂಡಿಡಬಹುದು. ಕೂಡಿಡಲಾರದವರು ನೆಲಕ್ಕೆ ಇಂಗಿಸಬಹುದು. ಆದರೆ ನಮ್ಮದು ಎರೆಯ ನೆಲ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ, ನೀರನ್ನು ಬೇಗ ಕೆಳಗೆ ಬಿಡುವದಿಲ್ಲ. ಆದದ್ದರಿಂದ ಇಂಗುಗುಂಡಿಯನ್ನು ಗೋಡೆಯ ಬುಡದಲ್ಲಿ ತೋಡದೆ ಹತ್ತು ಅಡಿಯಾದರೂ ದೂರದಲ್ಲಿ ತೋಡಬೇಕು. ಎರೆಯ ಪದರನ್ನು ದಾಟಿ ಕೆಳಗಿನ ಗರಸು ಸಿಗುವವರೆಗೆ ಇಳಿಯಬೇಕು. ಕಲ್ಲು, ಜಲ್ಲಿ, ಮರಳುಗಳಿಂದ ತುಂಬಬೇಕು. ಇಲ್ಲವಾದರೆ ನೀರು ನಿಂತು ಮನೆಯ ಬುನಾದಿಗೇ ಅಪಾಯ. ಬೆಂಗಳೂರಿನಲ್ಲಿ ೨೦೦೯ರಿಂದ ಗೊತ್ತಾದ ಅಳತೆಯ ಮನೆಗಳಿಗೆ ಮಳೆನೀರನ್ನು ಹಿಡಿಯುವದು ಕಾಯದೆಯಿಂದ ಕಡ್ಡಾಯವಾಗಿದೆ. ಕಾಯದೆ ಬರುವವರೆಗೆ ಕಾಯುವವನು ಪ್ರಜೆ; ಕಾಯದೆಯಿಲ್ಲದೆಯೂ ಮಾಡುವವನು ಭಕ್ತ.

ಎರಡನೆಯದು ಬಚ್ಚಲ ನೀರು. ಇದನ್ನು ಬೀದಿಗೆ ಬಿಡದೆ ಬಾಳೆಗೂ ಕಾಬಾಳೆಗೂ ಕೆಸುವಿಗೂ ಬಿಟ್ಟರೆ ಅವು ಅದನ್ನು ಕುಡಿದು ಹುಲುಸಾಗಿ ಬೆಳೆಯುತ್ತವೆ. ಒಂದೇ ಕಡೆ ನಿಲ್ಲದಂತೆ ಎರಡು ಪಾತಿಗಳನ್ನು ಮಾಡಿ ದಿನ ಬಿಟ್ಟು ದಿನ ತಿರುವಿದರೆ ಕೊಳೆಯೂ ಇಲ್ಲ, ಸೊಳ್ಳೆಯೂ ಇಲ್ಲ. ಪಾದೋದಕವನ್ನು ಪರಮಪವಿತ್ರವೆಂದು ಭಾವಿಸುವ ನಾವು, ನಮ್ಮ ಮೈತೊಳೆದ ನೀರನ್ನು ನೆರೆಯವನ ಬಾಗಿಲಿಗೆ ಬಿಡುವದು ಎಂಥ ಸಂಸ್ಕಾರ?

ಮೂರನೆಯದು ಕಸ. ಪ್ರಸಾದವನ್ನು ಬೇಕಾದಷ್ಟೇ ನೀಡಿಸಿಕೊಂಡು ಒಂದಗುಳೂ ಬಿಡದೆ ಸ್ವೀಕರಿಸಬೇಕೆಂಬುದು ನಮ್ಮ ಮನೆಗಳ ನಿಯಮ. ಆ ನಿಯಮವನ್ನು ಇನ್ನೊಂದು ಹೆಜ್ಜೆ ಮುಂದೊಯ್ದರೆ ಕಾಯಿಪಲ್ಲೆಯ ಸಿಪ್ಪೆ, ಪೂಜೆಯ ಬಾಡಿದ ಹೂ, ಉದುರಿದ ಎಲೆ ಇವೆಲ್ಲ ಗೊಬ್ಬರವಾಗಿ ಮಣ್ಣಿಗೇ ಮರಳಬೇಕು. ಈ ಸೀಮೆಯಲ್ಲಿ ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿ ಹಚ್ಚುವ ರೂಢಿ ಇನ್ನೂ ಹೋಗಿಲ್ಲ. ಅದೇ ರವದಿಯನ್ನು ಗಿಡಗಳ ಬುಡಕ್ಕೆ ನಾಲ್ಕು ಬೆರಳು ದಪ್ಪ ಹಾಸಿದರೆ ಬಿಸಿಲಿಗೆ ಮಣ್ಣಿನ ಹಸಿ ಆರುವದಿಲ್ಲ, ಕಸ ಏಳುವದಿಲ್ಲ, ವರ್ಷ ಕಳೆಯುವದರೊಳಗೆ ಅದೇ ಗೊಬ್ಬರವಾಗುತ್ತದೆ. ಸುಟ್ಟರೆ ಹೊಗೆ, ಹಾಸಿದರೆ ಮಣ್ಣಿಗೆ ಅನ್ನ.

ನಾಲ್ಕನೆಯದು ಗಿಡಗಳ ಆಯ್ಕೆ. ಬೇವು, ಹುಲಗಲ, ನೆಲ್ಲಿ, ನುಗ್ಗೆ, ಪತ್ರಿ, ಬನ್ನಿ, ಕಣಗಿಲೆ, ಎಕ್ಕೆ, ದಾಸವಾಳ, ಮಲ್ಲಿಗೆ, ಪಾರಿಜಾತ ಇವು ಈ ನೆಲಕ್ಕೆ ಒಗ್ಗಿಕೊಂಡವು. ಬೇರು ಬಿಡುವವರೆಗೆ ಎರಡು ವರ್ಷ ನೀರೆರೆದರೆ ಇವುಗಳಲ್ಲಿ ಹೆಚ್ಚಿನವು ಮುಂದೆ ತಮ್ಮ ಪಾಡನ್ನು ತಾವೇ ನೋಡಿಕೊಳ್ಳುತ್ತವೆ. ಮನೆಯ ಪಡುವಣ ದಿಕ್ಕಿಗೆ ತುಸು ದೂರದಲ್ಲಿ ನೆಟ್ಟ ಬೇವು ಸಂಜೆಯ ಬಿಸಿಲನ್ನು ತಡೆದು ಗೋಡೆಯನ್ನು ತಂಪಾಗಿಡುತ್ತದೆ. ಆಲ, ಅರಳಿ, ಬಸರಿಗಳು ದೊಡ್ಡ ಮನಸ್ಸಿನ ಮರಗಳು. ಅವಕ್ಕೆ ಮನೆಯಂಗಳ ಸಾಲದು, ಊರ ಮುಂದಿನ ಬಯಲು ಬೇಕು. ಗೋಡೆಯ ಬುಡದಲ್ಲಿ ಅವನ್ನು ನೆಟ್ಟು ಮುಂದೆ ಕಡಿಯುವದು ಎರಡು ಬಾರಿ ತಪ್ಪು ಮಾಡಿದಂತೆ. ಇನ್ನು ಅಂದಕ್ಕೆಂದು ಹೊರಗಿನಿಂದ ತಂದ ಗಿಡಗಳ ಕಥೆಯನ್ನು ತಿಳಿದವರು ಎಚ್ಚರದಿಂದಿರುತ್ತಾರೆ. ಇಂದು ನಮ್ಮ ಕಾಡುಗಳನ್ನು ನುಂಗಿರುವ ಲಂಟಾನವು ೧೯ನೆಯ ಶತಮಾನದ ಪ್ರಾರಂಭದಲ್ಲಿ ಚೆಲುವಾದ ಹೂವಿಗಾಗಿ ಈ ದೇಶಕ್ಕೆ ಬಂದುದು. ಕೆರೆ ಹೊಳೆಗಳ ಮೇಲೆ ಹಬ್ಬಿ ಕೆಳಗಿನ ಮೀನಿನ ಉಸಿರನ್ನೇ ಕಟ್ಟುವ ನೀಲಿ ಹೂವಿನ ಅಂತರಗಂಗೆಯೂ ದಕ್ಷಿಣ ಅಮೇರಿಕೆಯಿಂದ ಶೋಭೆಗೆಂದು ತಂದದ್ದೇ. ಈಚಿನ ವರ್ಷಗಳಲ್ಲಿ ಬೀದಿಬೀದಿಗೆ ನೆಟ್ಟ ಕೋನೋಕಾರ್ಪಸ್ ಗಿಡವನ್ನು ಇನ್ನು ಮುಂದೆ ನೆಡಕೂಡದೆಂದು ಗುಜರಾತ ಸರಕಾರ ೨೦೨೩ರಲ್ಲಿ ಆಜ್ಞೆ ಮಾಡಬೇಕಾಯಿತು. ಒಬ್ಬನ ಅಂಗಳದ ಅಲಂಕಾರ ಒಂದು ನಾಡಿನ ಪೀಡೆಯಾಗಬಲ್ಲದೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ.

ಇಲ್ಲಿ ಕೆಲವು ಆಕ್ಷೇಪಗಳು ಬರುವದು ಸಹಜ. ಮೊದಲನೆಯ ಆಕ್ಷೇಪವೆಂದರೆ, ಈ ತಾಲೂಕುಗಳಲ್ಲಿ ನೀರನ್ನು ಕುಡಿಯುತ್ತಿರುವದು ಮನೆಯಂಗಳಗಳಲ್ಲ, ಕಬ್ಬಿನ ಗದ್ದೆಗಳು ಎಂಬುದು. ಇದು ನಿಜವಾದ ಮಾತು. ಉಗಾರದ ಸಕ್ಕರೆ ಕಾರಖಾನೆ ೧೯೩೯ರಲ್ಲಿ ಸ್ಥಾಪನೆಯಾದಂದಿನಿಂದ ಕಬ್ಬು ಈ ನದೀತೀರದ ಮುಖ್ಯ ಬೆಳೆಯಾಗುತ್ತ ಬಂದಿದೆ. ಒಂದು ಬೆಳೆಗೆ ೨,೦೦೦ ಮಿಲಿಮೀಟರ್ ನೀರೆಂದು ಹಿಡಿದರೆ ಒಂದು ಎಕರೆ ಕಬ್ಬಿಗೆ ಸುಮಾರು ೮೦ ಲಕ್ಷ ಲೀಟರ್ ಬೇಕು. ಇದರ ಮುಂದೆ ಅಂಗಳದ ಹುಲ್ಲಿನ ಲೆಕ್ಕ ಹನಿಯಷ್ಟು. ಅಷ್ಟೇ ಅಲ್ಲ, ನೀರು ಹೆಚ್ಚಾಗಿ ಎಷ್ಟೋ ಫಲವತ್ತಾದ ಹೊಲಗಳು ಸವುಳು ಜವುಳಾಗಿ ಬೆಳೆಗೆಟ್ಟಿವೆ. ಆದರೆ ಈ ಆಕ್ಷೇಪದಿಂದ ಸಿದ್ಧವಾಗುವದೇನು? ಹೊಲದಲ್ಲಿ ದೊಡ್ಡ ತಪ್ಪಿದೆಯೆಂದು ಅಂಗಳದ ಸಣ್ಣ ತಪ್ಪು ಗುಣವಾಗುವದಿಲ್ಲ. ಮೇಲಾಗಿ, ಬೆಳೆಗೆ ಹರಿಯುವ ನೀರಿನಿಂದ ಒಂದು ಸಂಸಾರದ ಹೊಟ್ಟೆ ತುಂಬುತ್ತದೆ. ಒಕ್ಕಲಿಗನು ಪೇಟೆಯ ಧಾರಣೆಗೂ ಸಾಲಕ್ಕೂ ಸಿಕ್ಕಿಕೊಂಡಿದ್ದಾನೆ, ಬಯಸಿದರೂ ಒಂದೇ ದಿನ ಬೆಳೆಯನ್ನು ಬದಲಿಸಲಾರ. ಅಂಗಳದಲ್ಲಿ ಅಂಥ ಯಾವ ನಿರ್ಬಂಧವೂ ನಮಗಿಲ್ಲ. ಅಲ್ಲಿ ನಾವು ಸ್ವತಂತ್ರರು. ಮನುಷ್ಯನ ನಿಜವಾದ ಒಲವು ಯಾವುದೆಂಬುದು ಅವನು ಸ್ವತಂತ್ರನಾಗಿರುವಲ್ಲಿಯೇ ತಿಳಿದುಬರುತ್ತದೆ. ಅಂಗಳದಲ್ಲಿ ಹನಿಯ ಬೆಲೆಯನ್ನು ಕಲಿತ ಮನೆಯವರು ನಾಳೆ ಹೊಲದಲ್ಲಿ ಹನಿ ನೀರಾವರಿಯ ಮಾತನ್ನು ಕಿವಿಗೊಟ್ಟು ಕೇಳುತ್ತಾರೆ.

ಎರಡನೆಯ ಆಕ್ಷೇಪ ಸೌಂದರ್ಯದ್ದು. ಕಣ್ಣಿಗೆ ಚೆಲುವಾದುದನ್ನು ಬಯಸುವದು ಪಾಪವೇ ಎಂದು ಕೇಳುತ್ತಾರೆ. ಅಲ್ಲವೇ ಅಲ್ಲ. ಶರಣರು ಒಣ ವೈರಾಗ್ಯವನ್ನು ಬೋಧಿಸಿದವರಲ್ಲ. ಲಿಂಗಕ್ಕರ್ಪಿಸಿ ಪ್ರಸಾದವಾಗಿ ಭೋಗಿಸುವ ಮಾರ್ಗವನ್ನು ತೋರಿಸಿದರು. ಕೇಳಬೇಕಾದುದು ಇಷ್ಟೇ: ಈ ಚೆಲುವು ಅರ್ಪಣಕ್ಕೆ ಯೋಗ್ಯವೋ? ಮುಂಜಾನೆ ನೆಲದ ಮೇಲೆ ಚೆಲ್ಲಿದ ಪಾರಿಜಾತವನ್ನು ಆರಿಸಿಕೊಂಡು ಕರಸ್ಥಲದ ಲಿಂಗಕ್ಕೆ ಏರಿಸುವಾಗ ಮನಸ್ಸಿಗೆ ಯಾವ ಅಳುಕೂ ಇರುವದಿಲ್ಲ. ಬೀದಿಯ ನಳದ ಬಳಿ ಕೊಡಗಳ ಸಾಲು ನಿಂತಿರುವಾಗ ನಮ್ಮ ಗೇಟಿನೊಳಗೆ ಹುಲ್ಲಿಗೆ ಚಿಮ್ಮುವ ನೀರನ್ನು, ಇದು ನಿನಗೆ ಅರ್ಪಿತವೆಂದು ಲಿಂಗದ ಮುಂದೆ ಹೇಳಬಲ್ಲೆವೇ? ಹೇಳಲಾರೆವಾದರೆ ಅದು ಪ್ರಸಾದವಲ್ಲ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಸೂಕ್ಷ್ಮವಾದುದು. ಅದು ನಮ್ಮ ಶಾಸ್ತ್ರದಿಂದಲೇ ಹುಟ್ಟಿದ್ದು. ಶೂನ್ಯಸಂಪಾದನೆಯಲ್ಲಿಯೂ ಚಾಮರಸನ ಪ್ರಭುಲಿಂಗಲೀಲೆಯಲ್ಲಿಯೂ ಗೊಗ್ಗಯ್ಯನೆಂಬ ತೋಟಿಗನ ಪ್ರಸಂಗವಿದೆ. ಹೊರಗಿನ ತೋಟದಲ್ಲಿಯೇ ಮಗ್ನನಾದ ಅವನಿಗೆ ಅಲ್ಲಮಪ್ರಭುಗಳು ಒಳಗಿನ ತೋಟವನ್ನು ತೋರಿಸಿ, ಅದರ ಕೃಷಿಯೇ ನಿಜವಾದ ಕೃಷಿಯೆಂದು ಬೋಧಿಸಿದರು. ಹಾಗೆಯೇ ಸೊನ್ನಲಿಗೆಯಲ್ಲಿ ಕೆರೆಯನ್ನು ಕಟ್ಟಿಸುತ್ತಿದ್ದ ಸಿದ್ಧರಾಮಯ್ಯನನ್ನು ಕಂಡು ಅವನ ಸತ್ಕಾರ್ಯದೊಳಗಿನ ಕೊರತೆಯನ್ನು ಎತ್ತಿ ಆಡಿದರು. ಹೀಗಿರುವಾಗ ಅಂಗಳದ ಗಿಡ, ಮಾಳಿಗೆಯ ನೀರು ಎಂದು ಹೊರಗಣ್ಣಿನ ಮಾತನ್ನಾಡುವದು ಪ್ರಭುವಿನ ಉಪದೇಶಕ್ಕೆ ವಿರುದ್ಧವಲ್ಲವೇ ಎಂದು ಕೇಳಬಹುದು.

ಈ ಪ್ರಸಂಗಗಳನ್ನು ನಿಧಾನವಾಗಿ ವಿಚಾರಿಸಬೇಕು. ಪ್ರಭುಗಳು ಅಂತರಂಗದ ಕೃಷಿಯನ್ನು ತಿಳಿಸುವದಕ್ಕೆ ಅರಮನೆಯನ್ನಾಗಲಿ ಅಂಗಡಿಯನ್ನಾಗಲಿ ದೃಷ್ಟಾಂತವಾಗಿ ತೆಗೆದುಕೊಳ್ಳದೆ ಗೊಗ್ಗಯ್ಯನು ಬಲ್ಲ ತೋಟವನ್ನೇ ತೆಗೆದುಕೊಂಡರು. ಅಗೆಯುವದು, ಹಸನು ಮಾಡುವದು, ಬೀಜವಿಕ್ಕುವದು, ನೀರೆರೆಯುವದು, ಕಾಯುವದು ಇವುಗಳನ್ನು ಕೈಯಿಂದ ಮಾಡಿ ಬಲ್ಲವನಿಗೆ ಅವುಗಳ ಒಳಗಿನ ಅರ್ಥ ಬೇಗ ಹೊಳೆಯುತ್ತದೆ. ಮಣ್ಣನ್ನು ಮುಟ್ಟದವನಿಗೆ ಆ ಉಪದೇಶ ಬರಿಯ ಮಾತಾಗಿ ಉಳಿಯುತ್ತದೆ. ಸೊನ್ನಲಿಗೆಯಲ್ಲಿಯೂ ಪ್ರಭುಗಳು ಬಿಡಿಸಿದ್ದು ಕೆರೆಯನ್ನಲ್ಲ, ಕೆರೆ ಕಟ್ಟಿದೆನೆಂಬ ಭಾವವನ್ನು. ಸಿದ್ಧರಾಮನು ಕಲ್ಯಾಣಕ್ಕೆ ಬಂದು ಚೆನ್ನಬಸವಣ್ಣನಿಂದ ಇಷ್ಟಲಿಂಗವನ್ನು ಪಡೆದನು. ಆದರೆ ಸೊಲ್ಲಾಪುರದಲ್ಲಿ ಸಿದ್ಧೇಶ್ವರನ ಗುಡಿಯ ಸುತ್ತ ಕೆರೆ ಇಂದಿಗೂ ಇದೆ. ಕರ್ತೃತ್ವದ ಅಹಂಕಾರ ಹೋಯಿತು, ಕಾರ್ಯ ಉಳಿಯಿತು. ಕಗ್ಗೆರೆಯ ತೋಟವೊಂದರಲ್ಲಿ ತಪವನ್ನಾಚರಿಸಿದ ಸಿದ್ಧಲಿಂಗ ಯತಿಗಳಿಗೆ ಆ ತೋಟವೇ ಬಿರುದಾಗಿ ಬಂದು ಅವರು ತೋಂಟದ ಸಿದ್ಧಲಿಂಗರೆಂದು ಪ್ರಖ್ಯಾತರಾದರು. ಅಂತರಂಗ ಬಹಿರಂಗಗಳು ಒಂದನ್ನೊಂದು ಅಲ್ಲಗಳೆಯುವದಿಲ್ಲ. ಒಂದು ಇನ್ನೊಂದರ ಪರೀಕ್ಷೆಯಾಗಿದೆ. ಒಳಗೆ ತೃಪ್ತಿಯಿದ್ದವನ ಅಂಗಳದಲ್ಲಿ ಆಡಂಬರವಿರುವದಿಲ್ಲ. ಹಾಗೆಯೇ, ನೂರು ದೇಶೀಯ ಗಿಡಗಳನ್ನು ನೆಟ್ಟು ಅದನ್ನೇ ಊರಿಗೆಲ್ಲ ಸಾರುತ್ತ ತಿರುಗುವವನ ಅಂಗಳವೂ ಆಡಂಬರದ ಅಂಗಳವೇ.

ಇನ್ನೊಂದು ಮಾತನ್ನು ಹೇಳದೆ ಈ ವಿಚಾರವನ್ನು ಮುಗಿಸುವದು ಅನ್ಯಾಯವಾದೀತು. ಅಂಗಳವೇ ಇಲ್ಲದವರು ಏನು ಮಾಡಬೇಕು? ನಿಪ್ಪಾಣಿಯ ಓಣಿಗಳಲ್ಲಿ ಒಂದೇ ಕೋಣೆಯ ಮನೆಯಲ್ಲಿದ್ದು ಬೀಡಿ ಕಟ್ಟಿ ಜೀವಿಸುವ ತಾಯಂದಿರಿಗೆ ಪತ್ರಿಯ ಗಿಡ ನೆಡಿರೆಂದು ಉಪದೇಶಿಸುವದು ಹಾಸ್ಯಾಸ್ಪದ. ಹೊಳೆಯ ದಂಡೆಯಲ್ಲಿ ಮಹಾಪೂರಕ್ಕೆ ಮನೆಯನ್ನೇ ಕಳೆದುಕೊಂಡವರಿಗೆ ಹಿತ್ತಲಿನ ಮಾತು ಗಾಯದ ಮೇಲೆ ಉಪ್ಪು. ಇಲ್ಲಿಯೇ ಪಂಚಾಚಾರಗಳ ಕ್ರಮ ನಮಗೆ ದಾರಿ ತೋರಿಸುತ್ತದೆ. ನನ್ನ ಅಂಗಳವನ್ನು ಮಿತವಾಗಿ ಶುಚಿಯಾಗಿ ಇಟ್ಟುಕೊಳ್ಳುವದು ಸದಾಚಾರ. ಅದರ ಹೂ ಹಣ್ಣು ನೆರಳುಗಳಿಗೆ ನಾನು ಒಡೆಯನಲ್ಲ, ಕಾಯುವ ಸೇವಕನೆಂದು ತಿಳಿಯುವದು ಭೃತ್ಯಾಚಾರ. ಊರಿನ ನೀರಿಗೂ ನೆಲಕ್ಕೂ ಕೇಡು ಬಂದಾಗ ಅದು ನನ್ನ ಮನೆಯದಲ್ಲವೆಂದು ಸುಮ್ಮನಿರದೆ ಮುಂದೆ ನಿಲ್ಲುವದು ಗಣಾಚಾರ. ಅಂಗಳವಿದ್ದವರ ಕರ್ತವ್ಯ ಅವರ ಗೋಡೆಯೊಳಗೆ ಮುಗಿಯುವದಿಲ್ಲ. ಅಂಗಳವಿಲ್ಲದವರ ಪಾಲಿಗೆ ಊರಿನ ಬಯಲೇ ಅಂಗಳ. ಶಾಲೆಯ ಆವರಣ, ಕೆರೆಯ ಏರಿ, ರುದ್ರಭೂಮಿ, ಸಂತೆಯ ಬಯಲು ಇವುಗಳಲ್ಲಿ ನೆರಳನ್ನೂ ನೀರನ್ನೂ ಉಳಿಸುವದು ಉಳ್ಳವರು ತೀರಿಸಬೇಕಾದ ಋಣ.

ಈ ಕೆಲಸದಲ್ಲಿ ಮಠಗಳು ಮುಂದಾಗಬೇಕೆಂದು ವಿನಯಪೂರ್ವಕವಾಗಿ ಬಿನ್ನವಿಸುತ್ತೇವೆ. ಈ ಸೀಮೆ ಅಥಣಿಯ ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳು (೧೮೩೬-೧೯೨೧) ತಮ್ಮ ಸರಳ ಜೀವನದಿಂದ ಪಾವನಗೊಳಿಸಿದ ಸೀಮೆ. ಭಕ್ತನು ಮಠದಲ್ಲಿ ಕಂಡದ್ದನ್ನು ಮನೆಯಲ್ಲಿ ಅನುಸರಿಸುತ್ತಾನೆ. ಮಠದ ಆವರಣವು ಅಂಚಿನಿಂದ ಅಂಚಿಗೆ ಫರಸಿಯಿಂದ ಮುಚ್ಚಿ ಬೇಸಿಗೆಯಲ್ಲಿ ಕಾಲಿಡಲಾಗದಂತೆ ಕಾದಿದ್ದರೆ, ಭಕ್ತನ ಅಂಗಳವೂ ಹಾಗೆಯೇ ಆಗುತ್ತದೆ. ಅಲ್ಲಿ ಬೇವಿನ ನೆರಳಿದ್ದು, ಮಾಳಿಗೆಯ ನೀರು ಹೌದಿಗೆ ಇಳಿದು, ದಾಸೋಹದ ಕೈತೊಳೆದ ನೀರು ಬಾಳೆಯ ಪಾತಿಗೆ ಹರಿದು, ಎಂಜಲೆಲೆ ಗೊಬ್ಬರವಾಗಿ, ಪೂಜೆಯ ಹೂಪತ್ರಿ ಅಲ್ಲಿಯೇ ಬೆಳೆದಿದ್ದರೆ, ಆಚಾರದ ಮೇಲೆ ನೂರು ಪ್ರವಚನಗಳನ್ನು ಕೇಳಿದ ಫಲ ಭಕ್ತನಿಗೆ ನೋಟ ಮಾತ್ರದಿಂದ ದೊರೆಯುತ್ತದೆ. ಗಿಡವನ್ನು ನೆಡುವ ದಿನ ಸಮಾರಂಭ ಮಾಡಿ, ಮರುದಿನ ನೀರೆರೆಯುವದನ್ನು ಮರೆಯುವ ರೂಢಿಯನ್ನು ಮಾತ್ರ ಬಿಡಬೇಕು. ಸತ್ಯಕ್ಕನ ಕಾಯಕ ಒಂದು ದಿನದ್ದಾಗಿರಲಿಲ್ಲ. ಅಂಗಳ ದಿನಾಲು ಕಸವಾಗುತ್ತದೆ, ದಿನಾಲು ಗುಡಿಸಬೇಕಾಗುತ್ತದೆ.

ಹಾಗಾದರೆ ಮೊದಲು ಕೇಳಿದ ಪ್ರಶ್ನೆಗೆ ಉತ್ತರವೇನು? ನೆಲದ ಕಾಗದ ನಮ್ಮ ಹೆಸರಿನಲ್ಲಿರಬಹುದು. ಆದರೆ ಆ ನೆಲದ ಮೇಲೆ ಬೀಳುವ ಮಳೆಯನ್ನು ನಾವು ತರಿಸಿದವರಲ್ಲ, ಅದರ ಕೆಳಗಿನ ನೀರನ್ನು ನಾವು ತುಂಬಿದವರಲ್ಲ, ಅದರ ಮಣ್ಣನ್ನು ನಾವು ಮಾಡಿದವರಲ್ಲ. ನಾವು ಬರುವ ಮೊದಲು ಅವು ಇದ್ದವು, ಹೋದ ಮೇಲೆಯೂ ಇರಬೇಕು. ನಡುವಿನ ನಾಲ್ಕು ದಿನ ಅವನ್ನು ಬಳಸುವ ಅಪ್ಪಣೆ ನಮಗಿದೆ. ಕೆಡಿಸುವ ಅಪ್ಪಣೆ ಇಲ್ಲ. ಬೇಕಾದಷ್ಟನ್ನು ತೆಗೆದುಕೊಂಡು ಮಿಕ್ಕುದನ್ನು ಇದ್ದಲ್ಲಿಯೇ ಬಿಟ್ಟು ಬರಬೇಕೆಂದು ಲಕ್ಕಮ್ಮನು ಹೇಳಿದ್ದು ಅಕ್ಕಿಗೆ ಹೇಗೋ ನೀರಿಗೂ ಹಾಗೆಯೇ. ಬರುವ ಮೃಗಶಿರಾ ಮಳೆಗೆ ಮುಂಚೆ ಪ್ರತಿಯೊಬ್ಬ ಸದ್ಭಕ್ತನೂ ತನ್ನ ಅಂಗಳದಲ್ಲೊಮ್ಮೆ ನಿಂತು, ಇಲ್ಲಿ ಬೀಳುವ ನೀರು ಎಲ್ಲಿಗೆ ಹೋಗುತ್ತದೆ, ಇಲ್ಲಿಯ ನೆರಳು ಯಾರಿಗೆ ದೊರೆಯುತ್ತದೆ, ಇಲ್ಲಿಯ ಹೂ ಯಾವ ಪೂಜೆಗೆ ಸಲ್ಲುತ್ತದೆ ಎಂದು ವಿಚಾರಿಸಲಿ. ಅನಂತರ ಗುದ್ದಲಿಯನ್ನು ಕೈಗೆತ್ತಿಕೊಳ್ಳಲಿ. ಶರಣು ಶರಣಾರ್ಥಿ.